ಪರೀಕ್ಷೆ ಪಾಸಾದ ಎಣ್ಣೆ, ಸುಟ್ಟುಹೋದ ಟ್ರಾನ್ಸ್‌ಫಾರ್ಮರ್

ಹಾಸನ ಸೀಮೆಯಲ್ಲಿ ಅದನ್ನು ಟ್ರಾನ್ಸ್‌ಫಾರ್ಮರ್ ಅನ್ನುವವರು ಕಡಿಮೆ, ಅದು ಟಿಸಿ. ಬೇಸಿಗೆಯಲ್ಲಿ ಹೊಳೆನರಸೀಪುರದ ಕಡೆಯೋ ಚನ್ನರಾಯಪಟ್ಟಣದ ತೆಂಗಿನ ತೋಟಗಳ ಕಡೆಯೋ ಹೋದರೆ ‘ಟಿಸಿ ಸುಟ್ಟೋಗಿ ವಾರ ಆಯ್ತು’ ಎಂಬ ಮಾತು ಕಿವಿಗೆ ಬೀಳದೆ ಇರದು. ಕಾರಣ ಕೇಳಿ: ಮೋಟರು ಹೆಚ್ಚಾದವು, ಎಣ್ಣೆ ಸೋರಿತ್ತು, ಸಿಡಿಲು ಬಡಿಯಿತು. ಬಹುಪಾಲು ನಿಜವೇ. ಆದರೆ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳಿಗೆ ಇವ್ಯಾವುವೂ ಅಲ್ಲದ ಇನ್ನೊಂದು ರೋಗವಿದೆ. ಹೊರೆ ಮಿತಿಯಲ್ಲೇ ಇರುತ್ತದೆ, ಎಣ್ಣೆ ತುಂಬಿರುತ್ತದೆ, ಪರೀಕ್ಷಾ ವರದಿ ‘ಸರಿ’ ಎಂದಿರುತ್ತದೆ. ಹಾಗಿದ್ದೂ ಒಳಗಿನ ತಾಮ್ರವನ್ನು ಏನೋ ತಿನ್ನುತ್ತಿರುತ್ತದೆ.

ಉಡುಪಿ ಬಳಿಯ ನಂದಿಕೂರಿನಿಂದ ಘಟ್ಟ ಹತ್ತಿ ಬರುವ 400 ಕೆವಿ ವಿದ್ಯುತ್ ಮಾರ್ಗ ಬಂದು ಮುಟ್ಟುವುದು ಹಾಸನದ ಪಕ್ಕದ ಶಾಂತಿಗ್ರಾಮವನ್ನು. ಇಂಥ ಕಡೆ ನಿಲ್ಲುವ ಟ್ರಾನ್ಸ್‌ಫಾರ್ಮರ್‌ಗಳ ಹೊಟ್ಟೆಯಲ್ಲಿ ಹತ್ತಾರು ಸಾವಿರ ಲೀಟರ್ ಖನಿಜ ತೈಲ. ಅದರಲ್ಲಿ ಮುಳುಗಿರುವುದು ಕಾಗದ ಸುತ್ತಿದ ತಾಮ್ರದ ಸುರುಳಿ. ಒಂದು ಸುತ್ತಿನಿಂದ ಪಕ್ಕದ ಸುತ್ತಿಗೆ ವಿದ್ಯುತ್ ಹಾರದಂತೆ ತಡೆಯುವುದು ಆ ತೆಳು ಕಾಗದ ಮತ್ತು ಅದು ಹೀರಿಕೊಂಡ ಎಣ್ಣೆ. ಮಿಕ್ಕೆಲ್ಲ ವೈಭವ ಅದರ ಮೇಲೆ ನಿಂತದ್ದು.

ಈ ಎಣ್ಣೆ ಬರುವುದು ಕಚ್ಚಾ ತೈಲದಿಂದ. ಕಚ್ಚಾ ತೈಲವಿದ್ದಲ್ಲಿ ಗಂಧಕವಿರುತ್ತದೆ. ಶುದ್ಧೀಕರಣದಲ್ಲಿ ಬಹಳಷ್ಟು ಹೋಗುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ನಿರುಪದ್ರವಿ. ತೊಂದರೆ ಕೊಡುವುದು ತಾಮ್ರ ಕಂಡರೆ ಬಿಡದ ಕೆಲವು ಗಂಧಕ ಸಂಯುಕ್ತಗಳು. ದೇವರಮನೆಯ ಬೆಳ್ಳಿ ದೀಪ ಕಪ್ಪಿಡುವುದೂ ಗಂಧಕದಿಂದಲೇ. ವ್ಯತ್ಯಾಸವಿಷ್ಟೆ: ದೀಪವನ್ನು ವಿಭೂತಿ ಹಾಕಿ ಉಜ್ಜಬಹುದು.

ಎಣ್ಣೆಯಲ್ಲಿ ಇಂಥ ಗಂಧಕವನ್ನು ಪತ್ತೆ ಹಚ್ಚುವ ವಿಧಾನದ ಬಗ್ಗೆ ಎಫ್.ಎಂ. ಕ್ಲಾರ್ಕ್ ಮತ್ತು ಇ.ಎಲ್. ರಾಬ್ 1948ರಲ್ಲೇ ಅಮೆರಿಕದಲ್ಲಿ ಪ್ರಬಂಧ ಪ್ರಕಟಿಸಿದ್ದರು. ಕ್ಲಾರ್ಕ್ ಕೆಲಸ ಮಾಡುತ್ತಿದ್ದುದು ಜನರಲ್ ಎಲೆಕ್ಟ್ರಿಕ್‌ನಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದಾಗ ವಿದ್ಯುತ್ ಯಂತ್ರಗಳನ್ನು ಕೊಟ್ಟಿದ್ದ ಅದೇ ಕಂಪನಿ. ಮುಂದೆ ರೂಢಿಗೆ ಬಂದ ಪರೀಕ್ಷೆ ಸರಳ. ಚೆನ್ನಾಗಿ ಉಜ್ಜಿದ ತಾಮ್ರದ ಪಟ್ಟಿಯನ್ನು ಬಾಗಿಸಿ ಎಣ್ಣೆಯಲ್ಲಿ ಮುಳುಗಿಸಿ, ನೈಟ್ರೋಜನ್ ಹಾಯಿಸಿ ಗಾಳಿ ಹೊರಡಿಸಿ, ಮುಚ್ಚಿ, 140 ಡಿಗ್ರಿ ಶಾಖದಲ್ಲಿ 19 ಗಂಟೆ ಇಡಬೇಕು. ಆಮೇಲೆ ಬಣ್ಣ ನೋಡುವುದು. ಕಿತ್ತಳೆ, ಕೆಂಪು, ನೇರಳೆ ಬಂದರೂ ಅಡ್ಡಿಯಿಲ್ಲ. ಕಡುಬೂದು, ಕಪ್ಪು ಬಂದರೆ ಎಣ್ಣೆ ನಾಲಾಯಕ್ಕು. ನಮ್ಮ ಐಎಸ್ 335 ಮಾನಕದ 1993ರ ಆವೃತ್ತಿಯಲ್ಲೂ ಇದೇ ಪರೀಕ್ಷೆ. ಜರ್ಮನರು ಬೆಳ್ಳಿ ಪಟ್ಟಿಯನ್ನು 100 ಡಿಗ್ರಿಯಲ್ಲಿ 18 ಗಂಟೆ ಇಡುತ್ತಿದ್ದರು. ದಶಕಗಳ ಕಾಲ ಇಷ್ಟರಲ್ಲೇ ಎಲ್ಲರಿಗೂ ನೆಮ್ಮದಿ.

ಆ ನೆಮ್ಮದಿ ಕೆಟ್ಟದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. ಬ್ರೆಜಿಲ್‌ನಲ್ಲಿ ಟ್ರಾನ್ಸ್‌ಫಾರ್ಮರ್‌ನಂತೆಯೇ ಎಣ್ಣೆಯಲ್ಲಿ ಮುಳುಗಿದ ಸುರುಳಿಯ ದೊಡ್ಡ ರಿಯಾಕ್ಟರ್‌ಗಳು, ಬೇರೆ ದೇಶಗಳಲ್ಲಿ ಟ್ರಾನ್ಸ್‌ಫಾರ್ಮರ್‌ಗಳು ಕೆಲವೇ ವರ್ಷಗಳ ಸೇವೆಯಲ್ಲಿ ಸುಟ್ಟವು. ಬಿಚ್ಚಿ ನೋಡಿದರೆ ಸುರುಳಿಗೆ ಸುತ್ತಿದ ಕಾಗದದ ಮೇಲೆ ಬೂದುಬಣ್ಣದ ಲೋಹದ ಹೊಳಪು. ಅದು ತಾಮ್ರದ ಸಲ್ಫೈಡ್. ಕಾಗದ ವಿದ್ಯುತ್ತನ್ನು ತಡೆಯಬೇಕು. ಸಲ್ಫೈಡ್ ವಿದ್ಯುತ್ತನ್ನು ಹರಿಯಬಿಡುತ್ತದೆ. ಸುತ್ತಿನಿಂದ ಸುತ್ತಿಗೆ ದಾರಿ ಸಿಕ್ಕಿತೆಂದರೆ ಮುಗಿಯಿತು. ವಿಚಿತ್ರವೆಂದರೆ, ಸುಟ್ಟವುಗಳ ಎಣ್ಣೆಯೆಲ್ಲ ತಾಮ್ರದ ಪಟ್ಟಿಯ ಪರೀಕ್ಷೆಯನ್ನು ದಾಟಿ ಬಂದದ್ದೇ!

ಅಪರಾಧಿಯ ಹೆಸರು ಡೈಬೆಂಜೈಲ್ ಡೈಸಲ್ಫೈಡ್, ಪ್ರಯೋಗಾಲಯದವರ ಬಾಯಲ್ಲಿ ಡಿಬಿಡಿಎಸ್. ಇದು ಎಣ್ಣೆ ಬೇಗ ಹಳಸದಂತೆ ತಡೆಯುವ ಗಂಧಕ ಸಂಯುಕ್ತ. ಒಂದು ಕಿಲೋ ಎಣ್ಣೆಗೆ ನೂರಿನ್ನೂರು ಮಿಲಿಗ್ರಾಂ ಇದ್ದರೆ ಹಾನಿಗೆ ಸಾಕು. ಎಣ್ಣೆಯ ಆಯುಸ್ಸು ಹೆಚ್ಚಿಸಿದ್ದೇ ಯಂತ್ರದ ಆಯುಸ್ಸು ತೆಗೆಯಿತು. ಬಿಸಿ ಹೆಚ್ಚಿದ್ದು ಆಮ್ಲಜನಕ ಕಡಿಮೆಯಿರುವ, ಗಾಳಿಯಾಡದಂತೆ ಮುಚ್ಚಿದ ಯಂತ್ರಗಳಲ್ಲಿ ಅದರ ಆಟ ಹೆಚ್ಚು.

ಹಳೆಯ ಪರೀಕ್ಷೆ ಎಡವಿದ್ದೆಲ್ಲಿ? ಶಾಖ ಸಾಲಲಿಲ್ಲ, ಹೊತ್ತು ಸಾಲಲಿಲ್ಲ ಎನ್ನುವುದು ಒಂದು. ಅದಕ್ಕಿಂತ ದೊಡ್ಡ ಲೋಪ, ಪರೀಕ್ಷೆಯಲ್ಲಿ ಕಾಗದವೇ ಇರಲಿಲ್ಲ. ಟ್ರಾನ್ಸ್‌ಫಾರ್ಮರ್‌ನಲ್ಲಿ ಬರಿಯ ತಾಮ್ರ ಎಲ್ಲಿದೆ? ಪಟ್ಟಿಯ ಬಣ್ಣ ನೋಡುತ್ತ ಕೂತವರಿಗೆ ಸಲ್ಫೈಡ್ ಹೋಗಿ ಕೂರುವ ಜಾಗ ಕಾಣಲೇ ಇಲ್ಲ. 2006ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂ ತನ್ನ ಪಟ್ಟಿಯ ಪರೀಕ್ಷೆಗೆ 150 ಡಿಗ್ರಿ, 48 ಗಂಟೆಗಳ ಇನ್ನೊಂದು ವಿಧಾನ ಸೇರಿಸಿತು. 2008ರ ಅಂತರರಾಷ್ಟ್ರೀಯ ಮಾನಕ ಐಇಸಿ 62535 ಸರಿಯಾದ ಮರ್ಮಕ್ಕೇ ಕೈಹಾಕಿತು: ತಾಮ್ರದ ತುಂಡಿಗೆ ಕಾಗದ ಸುತ್ತಿ, ಪುಟ್ಟ ಸೀಸೆಯಲ್ಲಿ 15 ಮಿಲಿ ಎಣ್ಣೆಯೊಂದಿಗೆ 150 ಡಿಗ್ರಿಯಲ್ಲಿ 72 ಗಂಟೆ ಇಟ್ಟು, ಕೊನೆಗೆ ತಾಮ್ರವನ್ನೂ ಕಾಗದವನ್ನೂ ನೋಡು ಎಂದಿತು. 2009ರಲ್ಲಿ ಸಿಗ್ರೆ ಎಂಬ ಅಂತರರಾಷ್ಟ್ರೀಯ ವಿದ್ಯುತ್ ಮಂಡಳಿಯ ವರದಿ ಬಂತು. 2012ರಲ್ಲಿ ಡಿಬಿಡಿಎಸ್ ಪ್ರಮಾಣವನ್ನೇ ಅಳೆಯುವ ವಿಧಾನ ಐಇಸಿ ಮಾನಕವಾಯಿತು. ನಮ್ಮ ಐಎಸ್ 335 ಇದನ್ನೆಲ್ಲ ಒಳಗೊಂಡದ್ದು 2018ರಲ್ಲಿ.

ಹೊಸ ಎಣ್ಣೆಗೆ ಸರಿ, ಆಗಲೇ ತುಂಬಿಸಿದ ಎಣ್ಣೆಗೆ? ತಾಮ್ರದ ಮೇಲೆ ರಕ್ಷಾಪದರ ಕಟ್ಟುವ ಪ್ಯಾಸಿವೇಟರ್ ಎಂಬ ರಾಸಾಯನಿಕವನ್ನು ಕಿಲೋಗೆ ಸುಮಾರು 100 ಮಿಲಿಗ್ರಾಂನಂತೆ ಬೆರೆಸುತ್ತಾರೆ. ಅದು ಮುಂದಿನ ಹಾನಿಯನ್ನು ತಡೆಯುತ್ತದೆ, ಕಾಗದದ ಮೇಲೆ ಆಗಲೇ ಕೂತದ್ದನ್ನು ತೆಗೆಯುವುದಿಲ್ಲ. ಕಾಲ ಕಳೆದಂತೆ ಖರ್ಚಾಗುತ್ತದೆ ಕೂಡ. ಇನ್ನೊಂದು ಮೋಸ: ಪ್ಯಾಸಿವೇಟರ್ ಬೆರೆಸಿದ ಕೆಟ್ಟ ಎಣ್ಣೆಯೂ ಪಟ್ಟಿಯ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು. ಎಣ್ಣೆಯಲ್ಲಿ ಕರಗಿದ ಅನಿಲಗಳನ್ನು ನೋಡಿ ರೋಗ ಹೇಳುವ ಪ್ರಸಿದ್ಧ ವಿಧಾನವಿದೆಯಲ್ಲ ಎಂದರೆ, ಸಲ್ಫೈಡ್ ಕೂರುವಾಗ ಅದು ಎಚ್ಚರಿಸುವುದು ಅಪರೂಪ. ಡಿಬಿಡಿಎಸ್ ಎಷ್ಟಿದೆ ಎಂದು ಅಳೆಯುವುದೇ ನೇರ ದಾರಿ.

ಹಾಗಾದರೆ ಅರಕಲಗೂಡಿನ ಹೊಲದ ಬದುವಿನ ಟಿಸಿ ಸುಟ್ಟದ್ದೂ ಗಂಧಕದಿಂದಲೋ? ಅಲ್ಲ ಎಂದೇ ನನ್ನ ಲೆಕ್ಕ. ಚಿಕ್ಕ ಟಿಸಿಗಳಲ್ಲಿ ಬಹಳಷ್ಟರ ಸುರುಳಿ ಅಲ್ಯೂಮಿನಿಯಂ. ಗಂಧಕ ಅದರ ತಂಟೆಗೆ ಹೋಗುವುದಿಲ್ಲ. ಮೈಸೂರು ಸರ್ಕಾರ 1933ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ, 1976ರಲ್ಲಿ ಕವಿಕಾ ಎಂಬ ಹೆಸರಿನ ಕಂಪನಿಯಾದ ಸರ್ಕಾರಿ ವಿದ್ಯುತ್ ಕಾರ್ಖಾನೆಯಿಂದ ಹಿಡಿದು ಟಿಸಿ ಮಾಡಿದವರೆಲ್ಲರ ಶತ್ರು ಬೇರೆ: ನೀರು. ಟಿಸಿ ಉಸಿರಾಡುವ ಬ್ರೀದರ್‌ನ ನೀಲಿ ಸಿಲಿಕಾ ಜೆಲ್ ತೇವ ಹೀರಿ ಗುಲಾಬಿಗೆ ತಿರುಗಿದ ಮೇಲೂ ಬದಲಿಸದಿದ್ದರೆ ಎಣ್ಣೆಗೆ ತೇವ ಸೇರುತ್ತದೆ, ತೊಟ್ಟಿಗೆ ತುಕ್ಕು ಹಿಡಿಯುತ್ತದೆ, ಕಾಗದ ಪುಡಿಯಾಗುತ್ತದೆ. ಅಲ್ಲಿ ಬೇಕಾದದ್ದು 72 ಗಂಟೆಯ ಪರೀಕ್ಷೆಯಲ್ಲ, ತಿಂಗಳಿಗೊಮ್ಮೆ ಕತ್ತೆತ್ತಿ ನೋಡುವ ಒಬ್ಬ ಲೈನ್‌ಮನ್.

ದೊಡ್ಡವುಗಳ ಮಾತು ಬೇರೆ. ತೊಂಬತ್ತರ ದಶಕದಿಂದ 2007ರ ಸುಮಾರಿನವರೆಗೆ ಎಣ್ಣೆ ತುಂಬಿಸಿಕೊಂಡ, ತಾಮ್ರದ ಸುರುಳಿಯ ಟ್ರಾನ್ಸ್‌ಫಾರ್ಮರ್‌ಗಳು ಇನ್ನೂ ಸೇವೆಯಲ್ಲಿದ್ದರೆ ಅವುಗಳ ಹಳೆಯ ‘ಪಾಸ್’ ಚೀಟಿಯನ್ನು ನಂಬುವಂತಿಲ್ಲ. 1960ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಇದೆ, ಹಾಸನದಿಂದ ಅರ್ಧ ದಿನದ ದಾರಿ. ಸ್ವಂತ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡ ಕಾರ್ಖಾನೆಯವರು ಮುಂದಿನ ಸಲ ಎಣ್ಣೆ ಪರೀಕ್ಷೆಗೆ ಕಳಿಸುವಾಗ ಅರ್ಜಿಯಲ್ಲಿ ‘ಡಿಬಿಡಿಎಸ್ ಪ್ರಮಾಣ’ ಎಂದು ಒಂದು ಸಾಲು ಹೆಚ್ಚಿಗೆ ಬರೆಯಲಿ.