ಡಾಂಗಲ್ ಇದ್ದರೆ ಟವರ್ ಬೇಡವೇ?

ತಪ್ಪು ಕಲ್ಪನೆ: ಯಾವ ಕಂಪನಿಯ ಸಿಮ್ಮಿಗೂ ನೆಟ್‌ವರ್ಕ್ ಸಿಗದ ಊರಿನಲ್ಲೂ ವೈಫೈ ಡಾಂಗಲ್ ಇದ್ದರೆ ಇಂಟರ್ನೆಟ್ ಬರುತ್ತದೆ.

ಸತ್ಯ: ಬರುವುದಿಲ್ಲ. ಡಾಂಗಲ್‌ಗೂ ಟವರ್ ಬೇಕು.

ಎರಡು ಸಾಲಿನಲ್ಲಿ ಮುಗಿಯಬೇಕಾದ ಮಾತಿದು. ಆದರೂ ಬೇಸಿಗೆ ರಜೆ ಹತ್ತಿರ ಬಂದಂತೆ ಬೆಂಗಳೂರಿನ ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಮನೆಗಳಲ್ಲಿ ಅದೇ ಲೆಕ್ಕಾಚಾರ ಶುರುವಾಗುತ್ತದೆ: "ಸಕಲೇಶಪುರದ ಹೋಂಸ್ಟೇನಲ್ಲಿ ಟವರ್ ಸಿಗಲ್ವಂತೆ, ಒಂದು ಡಾಂಗಲ್ ತಗೊಂಡು ಹೋಗೋಣ ಬಿಡಿ. ಆಫೀಸ್ ಮೀಟಿಂಗೂ ಆಗುತ್ತೆ, ಮಕ್ಕಳಿಗೂ ಆಗುತ್ತೆ." ಮಾನ್ಯತಾ ಟೆಕ್ ಪಾರ್ಕಿಗೆ ದಿನವೂ ಹೋಗಿಬರುವ ಎಂಜಿನಿಯರುಗಳ ಬಾಯಲ್ಲೂ ಇದನ್ನು ಕೇಳಿದಾಗ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಟವರ್ ಸಿಗುವುದಿಲ್ಲ ಎಂದು ಗೊತ್ತಿದ್ದೂ, ಟವರ್ ಇಲ್ಲದೆ ನಡೆಯದ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯುತ್ತಾರೆ.

ಡಾಂಗಲ್ ಎಂದರೆ ಪರದೆಯೂ ಸ್ಪೀಕರೂ ಇಲ್ಲದ ಒಂದು ಫೋನು. ಒಳಗೆ ಸಿಮ್, ಮೋಡೆಮ್, ಬ್ಯಾಟರಿ ಮತ್ತು ವೈಫೈ ಚಿಪ್ ಇರುತ್ತವೆ. ಟವರಿನಿಂದ ಬಂದ 4ಜಿಯನ್ನೋ 5ಜಿಯನ್ನೋ ಹಿಡಿದು ವೈಫೈ ಮಾಡಿ ಹಂಚುವುದು ಅದರ ಕೆಲಸ. ಸಂಪಿನಲ್ಲಿ ನೀರೇ ಇಲ್ಲದಾಗ ಮನೆಗೆ ಇನ್ನೊಂದು ನಲ್ಲಿ ಹಾಕಿಸಿ ಪ್ರಯೋಜನವಿಲ್ಲ.

ಇಷ್ಟಾದರೂ ಜನ ನಂಬುವುದಕ್ಕೆ ಕಾರಣ ಫೋನಿನ ಪರದೆಯ ಮೇಲೇ ಇದೆ. ಡಾಂಗಲ್‌ಗೆ ಜೋಡಿಸಿದ ಕೂಡಲೇ ಅಲ್ಲಿ ಬೀಸಣಿಗೆಯಂಥ ವೈಫೈ ಗುರುತು ಪೂರ್ತಿ ತುಂಬಿಕೊಳ್ಳುತ್ತದೆ. ನೋಡಿದವರು ಇಂಟರ್ನೆಟ್ ಜೋರಾಗಿದೆ ಎಂದುಕೊಳ್ಳುತ್ತಾರೆ. ಆ ಗುರುತು ತೋರಿಸುವುದು ಫೋನಿಗೂ ಬ್ಯಾಗಿನಲ್ಲಿರುವ ಡಬ್ಬಿಗೂ ನಡುವಿನ ಸಂಪರ್ಕವನ್ನು ಮಾತ್ರ. ಡಬ್ಬಿಗೂ ಟವರಿಗೂ ನಡುವೆ ಏನಾಗುತ್ತಿದೆ ಎಂಬುದನ್ನು ತಿಳಿಯಲು ಡಬ್ಬಿಯ ಮೇಲಿನ ದೀಪವನ್ನು ನೋಡಬೇಕು, ಇಲ್ಲವೇ ಬ್ರೌಸರಿನಲ್ಲಿ ಅದರ ಸೆಟ್ಟಿಂಗ್ ಪುಟವನ್ನು ತೆರೆಯಬೇಕು. ಅನೇಕ ಸಾಧನಗಳಲ್ಲಿ ಆ ಪುಟದ ವಿಳಾಸ 192.168.1.1, ಜಿಯೋ ಕಂಪನಿಯ ಜಿಯೋಫೈನಲ್ಲಿ 192.168.225.1. ಅಲ್ಲಿ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ. 4ಜಿಯಲ್ಲಿ ಮೈನಸ್ 80ರ ಆಸುಪಾಸು ಇದ್ದರೆ ಚೆನ್ನಾಗಿದೆ, ಮೈನಸ್ 110 ದಾಟಿದರೆ ವಿಡಿಯೋ ಮೀಟಿಂಗಿನ ಆಸೆ ಬಿಡಬೇಕು. ಸೊನ್ನೆಯಿಂದ ದೂರ ಹೋದಷ್ಟೂ ಸಿಗ್ನಲ್ ಕ್ಷೀಣ ಎಂದರ್ಥ.

ಪರೀಕ್ಷೆ ಮಾಡಬೇಕೆನ್ನುವವರು ಯಶವಂತಪುರದಿಂದ ಕರಾವಳಿಗೆ ಹೋಗುವ ಹಗಲು ರೈಲು ಹತ್ತಲಿ. ಹಾಸನ ದಾಟುವವರೆಗೂ ಹೇಗೋ ನಡೆಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ. ದೋಣಿಗಲ್ ಕಳೆದು ಯಡಕುಮೇರಿಯ ಕಡೆ ಇಳಿಯುವಾಗ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಾಡು, ಕುಳಿತಿರುವುದು ಉಕ್ಕಿನ ಬೋಗಿಯಲ್ಲಿ. ಅಲ್ಲಿ ವೈಫೈ ಗುರುತು ತುಂಬಿಯೇ ಇರುತ್ತದೆ, ಒಂದು ಮೆಸೇಜೂ ಹೋಗುವುದಿಲ್ಲ.

ಇದೇ ನಂಬಿಕೆಗೆ ಪೇಟೆಯಲ್ಲಿ ಇನ್ನೊಂದು ರೂಪವಿದೆ: ನೆಟ್‌ವರ್ಕಿನ ಕಡ್ಡಿಗಳು ಪೂರ್ತಿ ಇದ್ದರೆ ವೇಗವೂ ಪೂರ್ತಿ ಇರಬೇಕು. 2025ರ ಫೆಬ್ರವರಿಯಲ್ಲಿ ಆದಂತೆ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವಾಗ, ಅಥವಾ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಜನ ಸೇರಿದಾಗ, ಕಡ್ಡಿಗಳೆಲ್ಲ ಇದ್ದೂ ಯುಪಿಐ ಪಾವತಿ ಸುತ್ತುತ್ತಲೇ ಇರುವುದನ್ನು ನೋಡಿ. ಕಡ್ಡಿ ಹೇಳುವುದು ಟವರಿನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು. ಆ ಟವರಿನ ಸಾಮರ್ಥ್ಯವನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಎಂಬುದನ್ನು ಅದು ಹೇಳುವುದಿಲ್ಲ. ಅಗ್ಗದ 4ಜಿ ಡಾಂಗಲ್‌ನ ಪೆಟ್ಟಿಗೆಯ ಮೇಲೆ 150 ಎಂಬಿಪಿಎಸ್ ಎಂದು ಮುದ್ರಿಸಿರುತ್ತಾರೆ. ಅದು ಪ್ರಯೋಗಾಲಯದ ಗರಿಷ್ಠ ಮಿತಿ. ಅಂಥ ಸಾಧನ ಒಂದು ಹೊತ್ತಿಗೆ ಒಂದೇ ತರಂಗಪಟ್ಟಿಯನ್ನು ಹಿಡಿಯಬಲ್ಲದು. ಈಚಿನ ಒಳ್ಳೆಯ ಫೋನುಗಳು ಎರಡು ಮೂರು ಪಟ್ಟಿಗಳನ್ನು ಒಟ್ಟಿಗೆ ಹಿಡಿಯುತ್ತವೆ. ಎಂದರೆ ಎಷ್ಟೋ ಸಲ ಜೇಬಿನಲ್ಲಿರುವ ಫೋನಿನ ಹಾಟ್‌ಸ್ಪಾಟೇ ಹೊಸದಾಗಿ ಕೊಂಡ ಡಾಂಗಲ್‌ಗಿಂತ ಮೇಲು.

ಹಾಗಾದರೆ ಡಾಂಗಲ್ ದಂಡವೇ? ಖಂಡಿತ ಅಲ್ಲ. ನಾಲ್ಕೈದು ಸಾಧನಗಳನ್ನು ದಿನವಿಡೀ ಜೋಡಿಸಿಡುವುದಿದ್ದರೆ ಫೋನಿನ ಬ್ಯಾಟರಿ ಉಳಿಯುತ್ತದೆ. ಕರೆ ಬಂದರೆ ಮೀಟಿಂಗ್ ಕಡಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಫೋನಿನಲ್ಲಿ ಒಂದು ಕಂಪನಿಯ ಸಿಮ್ ಇದ್ದರೆ ಡಾಂಗಲ್‌ಗೆ ಬೇರೆ ಕಂಪನಿಯದನ್ನು ಹಾಕಬಹುದು. ಮಲೆನಾಡಿನ ಎಷ್ಟೋ ಕಡೆ ಒಂದೇ ಕಂಪನಿಯ ಟವರ್ ಸಿಗುತ್ತದೆ, ಅದು ಬಿಎಸ್‌ಎನ್‌ಎಲ್‌ನದೇ ಆಗಿರಬಹುದು. ಕೊಳ್ಳುವಾಗ ಅದು ಹಿಡಿಯುವ ಬ್ಯಾಂಡುಗಳನ್ನು ಓದಿ. ದೂರದ ಟವರಿನಿಂದ ಹಳ್ಳಿಗೆ ತಲುಪುವುದು 700, 850, 900 ಮೆಗಾಹರ್ಟ್ಸ್‌ನಂಥ ಕೆಳ ತರಂಗಗಳು, ಅಂದರೆ ಬ್ಯಾಂಡ್ 28, 5 ಮತ್ತು 8. ಹೊರದೇಶದಿಂದ ತರಿಸಿದ ಡಬ್ಬಿಯಲ್ಲಿ ಇವು ಇಲ್ಲದಿದ್ದರೆ ಪಕ್ಕದವರ ಫೋನ್ ನಡೆಯುತ್ತಿದ್ದರೂ ನಿಮ್ಮ ಡಬ್ಬಿ ಸುಮ್ಮನಿರುತ್ತದೆ. ಅನ್‌ಲಾಕ್ ಆದದ್ದೇ ಎಂದೂ ಕೇಳಿ. ಒಂದು ಕಂಪನಿಗೇ ಲಾಕ್ ಆದ ಡಬ್ಬಿಗೆ ಇನ್ನೊಂದರ ಸಿಮ್ ಹಾಕಿ ಫಲವಿಲ್ಲ.

ಉಳಿದ ಕಲ್ಪನೆಗಳಿಗೆ ಒಂದೊಂದು ಮಾತು ಸಾಕು. 5ಜಿ ಡಾಂಗಲ್ ಇದ್ದರೆ ಎಲ್ಲೆಡೆ 5ಜಿ ಎಂಬುದು ಸುಳ್ಳು, ಆ ಊರಿನ ಟವರಿನಲ್ಲಿ 5ಜಿ ಇರಬೇಕು. ಅನ್‌ಲಿಮಿಟೆಡ್ 5ಜಿ ರೀಚಾರ್ಜ್ ಇರುವ ಸಿಮ್ಮನ್ನು 4ಜಿ ಡಾಂಗಲ್‌ಗೆ ಹಾಕಿದರೆ ಆ ರೀಚಾರ್ಜಿನ ದಿನದ ಡೇಟಾ ಮಿತಿಯೇ ಅನ್ವಯ, ಮುಗಿದ ಮೇಲೆ ವೇಗ ಬಹುತೇಕ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಸಿಮ್ ಹಾಕಿದರೂ ನೆಟ್ ಬರದಿದ್ದರೆ ಡಬ್ಬಿ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ, ಮೊದಲು ಸೆಟ್ಟಿಂಗ್ ಪುಟದಲ್ಲಿ ಎಪಿಎನ್, ಅಂದರೆ ಕಂಪನಿಯ ಜಾಲಕ್ಕೆ ಸೇರಿಸುವ ಹೆಸರನ್ನು ನೋಡಿ: ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್. ಸದಾ ಚಾರ್ಜಿಗೆ ಹಾಕಿಟ್ಟರೆ ಒಳ್ಳೆಯದು ಎಂಬುದೂ ತಪ್ಪು, ಹಾಗಿಟ್ಟರೂ, ಬಿಸಿಲಿಗೆ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೂ ಬ್ಯಾಟರಿ ಊದಿಕೊಳ್ಳಬಹುದು. ಇನ್ನು ಮನೆಗೆ ಸಿಗ್ನಲ್ ಬೂಸ್ಟರ್ ಹಾಕಿಸಿಕೊಂಡರಾಯಿತು ಎನ್ನುವವರು ಗಮನಿಸಿ: ಪರವಾನಗಿ ಇರುವ ಟೆಲಿಕಾಂ ಕಂಪನಿಗಳನ್ನು ಬಿಟ್ಟು ಬೇರಾರೂ ಅದನ್ನು ಮಾರುವುದು, ಇಟ್ಟುಕೊಳ್ಳುವುದು, ಬಳಸುವುದು ಕಾನೂನುಬಾಹಿರ ಎಂದು ದೂರಸಂಪರ್ಕ ಇಲಾಖೆ 2022ರ ಜನವರಿಯಲ್ಲೇ ಎಚ್ಚರಿಸಿದೆ. ನಿಮ್ಮ ಬೂಸ್ಟರ್ ಇಡೀ ಬೀದಿಯ ಕರೆಗಳನ್ನು ಕೆಡಿಸಬಲ್ಲದು.

ಇವೆಲ್ಲದರ ಬೇರು ಒಂದೇ. ಯಂತ್ರ ಹೇಗೆ ನಡೆಯುತ್ತದೆ ಎಂದು ಕೇಳುವ ಅಭ್ಯಾಸವನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಜಾಹೀರಾತು ಹೇಳಿತು, ವಾಟ್ಸಾಪ್‌ನಲ್ಲಿ ಬಂತು, ನಂಬಿದೆವು. 2021ರ ಮೇ ತಿಂಗಳಲ್ಲಿ 5ಜಿ ಪರೀಕ್ಷೆಯಿಂದಲೇ ಕೊರೊನಾ ಎರಡನೇ ಅಲೆ ಬಂತೆಂಬ ಸುದ್ದಿ ದೇಶವಿಡೀ ಓಡಾಡಿತು. ಆಗ ದೇಶದಲ್ಲೆಲ್ಲೂ 5ಜಿ ಪರೀಕ್ಷೆ ಆರಂಭವೇ ಆಗಿಲ್ಲ ಎಂದು ಸರ್ಕಾರ ಸ್ಪಷ್ಟನೆ ಕೊಡಬೇಕಾಯಿತು. 5ಜಿ ಸೇವೆ ಬಂದದ್ದು 2022ರ ಅಕ್ಟೋಬರ್ 1ರಂದು. ಟವರ್ ವಿಕಿರಣಕ್ಕೆ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನು ಭಾರತ 2012ರ ಸೆಪ್ಟೆಂಬರಿನಲ್ಲೇ ಜಾರಿ ಮಾಡಿತ್ತು. ಆದರೂ ನಮ್ಮ ಬಡಾವಣೆಗೆ ಟವರ್ ಬೇಡ ಎಂದು ಅರ್ಜಿಗೆ ಸಹಿ ಹಾಕುವ ಕೈಯೇ, ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿಲ್ಲ ಎಂದು ಕಂಪನಿಗೆ ದೂರನ್ನೂ ಬರೆಯುತ್ತದೆ. ಟವರಿಗೆ ಹೆದರುವುದೂ ಟವರಿಲ್ಲದೆ ನೆಟ್ ಬರುತ್ತದೆಂದು ನಂಬುವುದೂ ಒಂದೇ ಅಜ್ಞಾನದ ಎರಡು ಮುಖ.

ದಯವಿಟ್ಟು ಹೊರಡುವ ಮುನ್ನ ಎರಡು ಕೆಲಸ ಮಾಡಿ. ಎಲ್ಲೆಲ್ಲಿ ತಮ್ಮ ಸೇವೆ ಸಿಗುತ್ತದೆ ಎಂಬ ನಕ್ಷೆಯನ್ನು ಕಂಪನಿಗಳು ಜಾಲತಾಣದಲ್ಲಿ ಹಾಕಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರಲ್ಲಿ ನಿಯಮ ಮಾಡಿದೆ, ಅದನ್ನು ನೋಡಿ. ಆಮೇಲೆ ಹೋಂಸ್ಟೇಯವರಿಗೆ ಫೋನ್ ಮಾಡಿ, ಮನೆಯ ಯಾವ ಮೂಲೆಯಲ್ಲಿ ಯಾವ ಕಂಪನಿಯ ಟವರ್ ಸಿಗುತ್ತದೆ ಎಂದು ಕೇಳಿ. ಯಾವುದೂ ಸಿಗುವುದಿಲ್ಲ ಎಂದರೆ ಡಾಂಗಲ್‌ಗೆ ಹಣ ಹಾಕಬೇಡಿ, ಆಫೀಸಿಗೆ ರಜೆ ಹಾಕಿ.