ಇಂಗ್ಲೆಂಡಿನಲ್ಲಿ ಮನೆ ಕಟ್ಟುವವರ ಎರಡು ಅಪ್ಪಣೆಗಳು

ಇಂಗ್ಲೆಂಡಿನಲ್ಲಿ ಒಬ್ಬನು ತನ್ನ ಸ್ವಂತ ನಿವೇಶನದಲ್ಲಿ, ತನ್ನ ಸ್ವಂತ ಹಣದಿಂದ ಮನೆ ಕಟ್ಟಬೇಕಾದರೆ ಎರಡು ಅಪ್ಪಣೆಗಳನ್ನು ಪಡೆಯತಕ್ಕದ್ದು. ಎರಡೂ ಒಂದೇ ಪೌರಸಭೆಯ ಕಚೇರಿಯಿಂದ ಬರಬಹುದು. ಆದರೂ ಒಂದರ ಅಪ್ಪಣೆ ಇನ್ನೊಂದರಲ್ಲಿ ಸಲ್ಲದು. ಮೊದಲನೆಯದು ಯೋಜನಾ ಅನುಮತಿ. ಇಂತಹ ಸ್ಥಳದಲ್ಲಿ ಇಂತಹ ಕಟ್ಟಡವು ಏಳಬಹುದೇ, ನೆರೆಯವನ ಬೆಳಕಿಗೆ ಅಡ್ಡವಾಗುವುದೇ, ಬೀದಿಯ ಅಂದಕ್ಕೆ ಕುಂದು ಬರುವುದೇ ಎಂಬುದು ಅದರ ವಿಚಾರ. ಎರಡನೆಯದು ಕಟ್ಟಡ ನಿಬಂಧನೆಗಳ ಸಮ್ಮತಿ. ಗೋಡೆ ನಿಲ್ಲುವುದೇ, ಚರಂಡಿ ಹರಿಯುವುದೇ, ಬೆಂಕಿ ಬಿದ್ದರೆ ಒಳಗಿನವರು ಹೊರಬರಲು ದಾರಿಯುಂಟೇ ಎಂಬುದು ಇದರ ವಿಚಾರ. ಹೊರಗಿನವರ ಕಣ್ಣಿಗಾಗಿ ಒಂದು, ಒಳಗಿನವರ ಪ್ರಾಣಕ್ಕಾಗಿ ಒಂದು ಎಂದರೆ ಸ್ಥೂಲವಾಗಿ ತಪ್ಪಾಗಲಾರದು.

ಇವೆರಡರಲ್ಲಿ ಹಿರಿಯದು ಪ್ರಾಣದ ಕಾನೂನೇ. 1666ನೆಯ ಇಸವಿ ಸೆಪ್ಟೆಂಬರ್ 2ರಂದು ಲಂಡನ್ ನಗರದ ಪುಡ್ಡಿಂಗ್ ಲೇನಿನ ಒಂದು ರೊಟ್ಟಿ ಅಂಗಡಿಯಲ್ಲಿ ಹೊತ್ತಿಕೊಂಡ ಉರಿಯು ಸುಮಾರು 13,000 ಮನೆಗಳನ್ನು ಆಹುತಿ ತೆಗೆದುಕೊಂಡಿತು. ಮರದ ಮನೆಗಳು, ಇಕ್ಕಟ್ಟಾದ ಓಣಿಗಳು. ಬೇರೆ ಆಗುವುದಾದರೂ ಏನಿತ್ತು? ಮರುವರ್ಷವೇ ಪಾರ್ಲಿಮೆಂಟು ಶಾಸನ ಮಾಡಿ, ಹೊರಗೋಡೆಗಳು ಇಟ್ಟಿಗೆಯವು ಅಥವಾ ಕಲ್ಲಿನವು ಆಗಿರತಕ್ಕದ್ದೆಂದು ವಿಧಿಸಿತು. ಮನೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ, ಗೋಡೆಯ ದಪ್ಪವನ್ನೂ ನಿಗದಿ ಮಾಡಿತು. 1875ರ ಸಾರ್ವಜನಿಕ ಆರೋಗ್ಯ ಶಾಸನವು ಊರೂರಿನ ಸಭೆಗಳಿಗೆ ಉಪನಿಯಮಗಳನ್ನು ಮಾಡುವ ಅಧಿಕಾರವನ್ನಿತ್ತಿತು. ನಮ್ಮ ಪುರಸಭೆಗಳ ಕಚೇರಿಗಳಲ್ಲಿ ಇಂದಿಗೂ ಕೇಳಿಬರುವ ‘ಬೈಲಾ’ ಎಂಬ ಮಾತು ಈ ಮನೆತನದ್ದೇ. ಊರಿಗೊಂದು ನಿಯಮವಿದ್ದದ್ದು ತಪ್ಪಿ, ದೇಶದ ಬಹುಭಾಗಕ್ಕೆ ಏಕರೂಪದ ನಿಬಂಧನೆಗಳು ಪ್ರಕಟವಾದದ್ದು 1965ರಲ್ಲಿ.

ಯೋಜನಾ ಅನುಮತಿಯಾದರೋ ತೀರ ಈಚಿನದು. 1909ರಲ್ಲಿ ಅದಕ್ಕೆ ಅಂಕುರಾರ್ಪಣವಾಯಿತು. ಧಾರವಾಡ, ಬೆಳಗಾವಿಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1915ರಲ್ಲೇ ಅಂತಹದೊಂದು ಶಾಸನವಾದುದನ್ನು ವಾಚಕರು ಬಲ್ಲರು. ಪೂರ್ಣರೂಪಕ್ಕೆ ಬಂದದ್ದು ಮಾತ್ರ ಆಟ್ಲಿಯವರ ಸರ್ಕಾರವು ಮಾಡಿದ 1947ರ ಶಾಸನದಿಂದ. ಅದು 1948ರ ಜುಲೈ 1ರಂದು ಜಾರಿಗೆ ಬಂದಿತು. ಅಂದಿನಿಂದ ನೆಲ ಒಡೆಯನದೇ ಆಗಿ ಉಳಿಯಿತು. ಅದರ ಮೇಲೆ ಕಟ್ಟುವ ಹಕ್ಕು ಮಾತ್ರ ಅಪ್ಪಣೆಗೆ ಅಧೀನವಾಯಿತು. ಸ್ವತ್ತಿನ ಹಕ್ಕನ್ನು ಪ್ರಾಣದಷ್ಟೇ ಪ್ರಿಯವೆಂದು ಬಗೆಯುವ ಜನರು ಇದಕ್ಕೆ ತಲೆಬಾಗಿದುದು ನಮಗೆ ಇಂದಿಗೂ ಸೋಜಿಗವೇ.

ಈ ಕಾನೂನಿನಲ್ಲಿ ಸಣ್ಣ ಕೆಲಸಗಳಿಗೆ ವಿನಾಯಿತಿಯುಂಟು. ಹಿತ್ತಲ ಕಡೆಗೆ ಒಂದೇ ಅಂತಸ್ತಿನಲ್ಲಿ, ಒಂಟಿ ಮನೆಗೆ 4 ಮೀಟರು, ಅಂಟುಗೋಡೆಯ ಮನೆಗೆ 3 ಮೀಟರು ವಿಸ್ತರಿಸಲು ಸಾಮಾನ್ಯವಾಗಿ ಅರ್ಜಿ ಬೇಕಿಲ್ಲ. ಆದರೆ ಅರ್ಜಿ ಬೇಡವೆಂದರೆ ಕಟ್ಟಡ ನಿಬಂಧನೆಗಳೂ ಬೇಡವೆಂದಲ್ಲ. ಎಷ್ಟೋ ಮಂದಿ ಗೃಹಸ್ಥರು ಎಡವುವುದು ಇಲ್ಲಿಯೇ. ಅರ್ಜಿ ಬೇಕಾದಲ್ಲಿ ನೆರೆಯವರಿಗೆ ತಿಳಿವಳಿಕೆ ಹೋಗುವುದು. ಆಕ್ಷೇಪಣೆಗೆ 21 ದಿನಗಳ ಅವಕಾಶ. ಸಣ್ಣ ಅರ್ಜಿಗಳು 8 ವಾರಗಳಲ್ಲಿ ಇತ್ಯರ್ಥವಾಗತಕ್ಕದ್ದು.

ಈ ಅಪ್ಪಣೆಯನ್ನು ಮೀರಿದವನ ಗತಿಯೇನು? ಸರ್ರೆ ಪ್ರಾಂತದ ಒಬ್ಬ ರೈತನು ಹಸಿರು ವಲಯದೊಳಗೆ, ಅನುಮತಿಯಿಲ್ಲದೆ, ಪುರಾತನ ಕೋಟೆಯ ಮಾದರಿಯಲ್ಲಿ ಬುರುಜುಗಳುಳ್ಳ ಮನೆಯೊಂದನ್ನು ಕಟ್ಟಿ, ಅದರ ಸುತ್ತಲೂ ಒಣಹುಲ್ಲಿನ ಪಿಂಡಿಗಳನ್ನು ಬಣವೆಯಂತೆ ಒಟ್ಟಿ ಮರೆಮಾಡಿದನು. ನಾಲ್ಕು ವರ್ಷ ಯಾರೂ ಆಕ್ಷೇಪಿಸದಿದ್ದರೆ ಕಟ್ಟಿದ ಮನೆಯನ್ನು ಕೆಡವಿಸುವಂತಿಲ್ಲವೆಂಬ ಕಟ್ಟಳೆ ಆಗ ಇದ್ದಿತು. ಸಂಸಾರ ಸಮೇತನಾಗಿ ಹುಲ್ಲಿನ ಮರೆಯಲ್ಲಿ ನಾಲ್ಕು ವರ್ಷ ಬಾಳಿ, 2006ರಲ್ಲಿ ಬಣವೆಯನ್ನು ತೆಗೆದನು. ನ್ಯಾಯಸ್ಥಾನವು 2010ರಲ್ಲಿ ಕೊಟ್ಟ ತೀರ್ಪು ರಸವತ್ತಾದುದು: ಹುಲ್ಲು ತೆಗೆಯುವುದೂ ಕಟ್ಟುವ ಕೆಲಸದ ಭಾಗವೇ, ಆದುದರಿಂದ ಕಟ್ಟಡ ಪೂರೈಸಿ ನಾಲ್ಕು ವರ್ಷ ಆಗಿಯೇ ಇಲ್ಲ! ಕೊನೆಗೆ ಸೆರೆಮನೆಯ ಭಯ ಒದಗಿದ ಮೇಲೆ 2016ರಲ್ಲಿ ಅವನೇ ಅದನ್ನು ಕೆಡವಿಸಿದನು. 2024ರಿಂದ ಆ ನಾಲ್ಕು ವರ್ಷದ ಅವಧಿಯೂ ಹತ್ತಾಗಿದೆ. ಆ ಕೋಟೆಯಿಂದ ಒಬ್ಬನಿಗೂ ಗಾಯವಾಗಿರಲಿಲ್ಲವೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಅದೇ 2016ರಲ್ಲಿ ಲಂಡನ್ನಿನ ಕೆನ್ಸಿಂಗ್ಟನ್ ಪೌರಸಭೆಯವರ ಗ್ರೆನ್‌ಫೆಲ್ ಗೋಪುರದ ಜೀರ್ಣೋದ್ಧಾರ ಮುಗಿಯಿತು. 24 ಅಂತಸ್ತುಗಳು, ವಾಸಿಗಳು ಬಹುಮಟ್ಟಿಗೆ ಬಡವರು, ಪರದೇಶಗಳಿಂದ ಬಂದವರು. ಇಲ್ಲಿ ಹುಲ್ಲಿನ ಮರೆ ಏನೂ ಇರಲಿಲ್ಲ. ಎಲ್ಲವೂ ಅರ್ಜಿಯ ಪ್ರಕಾರವೇ. ಯೋಜನಾ ಶಾಖೆಯವರು ಹೊರಹೊದಿಕೆಯ ನೋಟವನ್ನೂ ಬಣ್ಣವನ್ನೂ ವಿಚಾರಿಸಿದರು. ಸತುವಿನ ಫಲಕಗಳಿಗೆ ಬದಲಾಗಿ, ನಡುವೆ ಪಾಲಿಥೀನ್ ತುಂಬಿದ ಅಲ್ಯೂಮಿನಿಯಂ ಫಲಕಗಳನ್ನು ಹಾಕಿ 3 ಲಕ್ಷ ಪೌಂಡಿಗೆ ಹತ್ತಿರದ ಮೊತ್ತ ಉಳಿಸಲಾಯಿತು. ಹೊರಗೋಡೆಯು ಬೆಂಕಿ ಹರಡುವುದನ್ನು ಸಾಕಷ್ಟು ತಡೆಯಬೇಕೆಂದು ನಿಬಂಧನೆ ಸ್ಪಷ್ಟವಾಗಿಯೇ ಹೇಳಿತ್ತು. ಆದರೂ ಕೆಲಸ ಪೂರೈಸಿತೆಂಬ ಪ್ರಮಾಣಪತ್ರವನ್ನು ಪೌರಸಭೆಯ ಕಟ್ಟಡ ಶಾಖೆಯೇ ಕೊಟ್ಟಿತು.

2017ರ ಜೂನ್ 14ರ ನಡುರಾತ್ರಿ ಕಳೆದ ಮೇಲೆ ನಾಲ್ಕನೆಯ ಅಂತಸ್ತಿನ ಒಂದು ಅಡುಗೆಮನೆಯ ಶೀತಲಪೆಟ್ಟಿಗೆಯಲ್ಲಿ ಕಿಚ್ಚು ಹತ್ತಿತು. ಹೊರಹೊದಿಕೆಗೆ ತಗುಲಿದ ಉರಿ ಅರ್ಧ ಗಂಟೆಯೊಳಗಾಗಿ ತುದಿಯನ್ನು ಮುಟ್ಟಿತು. 72 ಜನ ಸತ್ತರು. ನ್ಯಾಯಮೂರ್ತಿ ಸರ್ ಮಾರ್ಟಿನ್ ಮೂರ್-ಬಿಕ್ ಅವರ ವಿಚಾರಣಾ ಸಮಿತಿಯು 2024ರ ಸೆಪ್ಟೆಂಬರಿನಲ್ಲಿ ಕೊನೆಯ ವರದಿಯನ್ನೊಪ್ಪಿಸಿ, ಆ ಸಾವುಗಳೆಲ್ಲವೂ ತಪ್ಪಿಸಬಹುದಾಗಿದ್ದವೆಂದು ಹೇಳಿತು; ಸರ್ಕಾರ, ಪೌರಸಭೆ, ಸಾಮಗ್ರಿ ತಯಾರಕರು ಯಾರನ್ನೂ ಬಿಡಲಿಲ್ಲ.

ಒಂದು ಬಣವೆಯ ಹಿಂದಿನ ಕೋಟೆಯನ್ನು ಹುಡುಕಿ ಕೆಡವಿಸುವಷ್ಟು ಚುರುಕಾದ ರಾಜ್ಯಾಂಗಕ್ಕೆ ಎಲ್ಲರ ಕಣ್ಣೆದುರಿಗಿದ್ದ ಹೊದಿಕೆಯು ಉರಿಯುವ ವಸ್ತುವೆಂದು ತಿಳಿಯದೆ ಹೋದುದೇಕೆ? ನಮ್ಮ ಅಭಿಪ್ರಾಯದಲ್ಲಿ, ಅಂದದ ವಿಷಯದಲ್ಲಿ ಆಕ್ಷೇಪಿಸಲು ನೆರೆಯವರಿದ್ದರು. ಅವರಲ್ಲಿ ಉಳ್ಳವರಿದ್ದರು, ಮಾತು ಬಲ್ಲವರಿದ್ದರು. ಬೆಂಕಿಯ ವಿಷಯದಲ್ಲಿ ಆಕ್ಷೇಪಿಸಬೇಕಾಗಿದ್ದವರು ಗೋಪುರದ ಬಾಡಿಗೆದಾರರು. ಅವರಲ್ಲಿ ಕೆಲವರು ಅಪಾಯದ ಮುನ್ಸೂಚನೆಯನ್ನು ಬರೆದು ಪ್ರಕಟಿಸಿದ್ದೂ ಉಂಟು. ಕೇಳಿದವರಿಲ್ಲ.

2018ರ ಕೊನೆಯಲ್ಲಿ, 18 ಮೀಟರಿಗೆ ಮೇಲ್ಪಟ್ಟ ಹೊಸ ವಾಸದ ಕಟ್ಟಡಗಳ ಹೊರಗೋಡೆಗಳಲ್ಲಿ ಉರಿಯುವ ವಸ್ತುಗಳು ನಿಷಿದ್ಧವಾದವು. 2022ರ ಕಟ್ಟಡ ಸುರಕ್ಷತಾ ಶಾಸನವು ಎತ್ತರದ ವಾಸಗೃಹಗಳಿಗಾಗಿ ಪ್ರತ್ಯೇಕ ನಿಯಾಮಕರನ್ನು ನೇಮಿಸಿತು. ಅವರ ಸಮ್ಮತಿಯಿಲ್ಲದೆ ಅಂತಹ ಕಟ್ಟಡದ ಕೆಲಸವನ್ನು ತೊಡಗುವಂತಿಲ್ಲ. ಇದರಿಂದ ವಿಳಂಬವಾಗುತ್ತಿದೆಯೆಂದು ಕಟ್ಟುವವರು ದೂರಿಕೊಂಡರು. ಗ್ರೆನ್‌ಫೆಲ್ ಗೋಪುರವನ್ನು ನೆಲದವರೆಗೂ ಬಿಚ್ಚಿ ತೆಗೆಯುವುದಾಗಿ ಸರ್ಕಾರದವರು 2025ರ ಫೆಬ್ರವರಿಯಲ್ಲಿ ಪ್ರಕಟಿಸಿದರು. ಅದರ ಒಂದಷ್ಟು ಭಾಗವಾದರೂ ನಿಂತಿರಲಿ ಎಂದು ಮೃತರ ಬಂಧುಗಳಲ್ಲಿ ಕೆಲವರು ಕೇಳಿಕೊಂಡಿದ್ದರು.