ಓದಿದರೆ ಸಾಲದು, ಒಪ್ಪಿಸಬೇಕು

‘ಮನೆಯಲ್ಲಿ ಓದುವಾಗ ಎಲ್ಲ ಬರುತ್ತಿತ್ತು, ಪರೀಕ್ಷೆಗೆ ಕುಳಿತ ಕೂಡಲೇ ಮರೆತುಹೋಯಿತು!’

ಪರೀಕ್ಷೆಯ ದಿನಗಳು ಬಂದವೆಂದರೆ ಈ ಮಾತು ಕೇಳಿಬರದ ಮನೆಯಿಲ್ಲ. ತಂದೆಗೆ ಇದು ನೆಪವೆನಿಸುತ್ತದೆ. ‘ಏಕಾಗ್ರತೆಯೇ ಇಲ್ಲ’ ಎಂದು ತಾಯಿ ನಿಟ್ಟುಸಿರು ಬಿಡುತ್ತಾರೆ. ಮಗು ಮಾತ್ರ ‘ನನಗೆ ತಲೆಯೇ ಇಲ್ಲ’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತದೆ. ಈ ಮೂರರಲ್ಲಿ ಹೆಚ್ಚು ಅಪಾಯದ್ದು ಮೂರನೆಯದು. ಏಕೆಂದರೆ ಅನೇಕ ಸಲ ದೋಷ ಇರುವುದು ಮಗುವಿನ ತಲೆಯಲ್ಲಲ್ಲ, ಓದುವ ಕ್ರಮದಲ್ಲಿ.

ಹಿಂದೆ ಸಂಜೆ ದೀಪ ಹಚ್ಚಿದ ಮೇಲೆ ಹಿರಿಯರು ಮಕ್ಕಳನ್ನು ಸಾಲಾಗಿ ಕೂರಿಸಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಶಾಲೆಯಲ್ಲಿ ಮೇಷ್ಟ್ರು ಹಿಂದಿನ ದಿನದ ಪಾಠ ಒಪ್ಪಿಸಿಕೊಂಡೇ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ‘ಒಪ್ಪಿಸುವುದು’ ಎಂದರೆ ಪುಸ್ತಕ ಮುಚ್ಚಿ, ಕಲಿತದ್ದನ್ನು ನೆನಪಿನಿಂದ ಹೊರತೆಗೆದು ಹೇಳುವುದು. ಕಾಲಕ್ರಮೇಣ ‘ಉರು ಹೊಡೆಯುವುದು ಕೆಟ್ಟದ್ದು’ ಎಂಬ ಸರಿಯಾದ ಮಾತಿನ ಜೊತೆಗೆ, ಒಪ್ಪಿಸುವ ಒಳ್ಳೆಯ ರೂಢಿಯನ್ನೂ ನಾವು ಕೈಬಿಟ್ಟೆವು. ಅದೇ ರೂಢಿಯ ಬೆಲೆಯನ್ನು ಮನೋವಿಜ್ಞಾನಿಗಳು ಈಗ ಪ್ರಯೋಗಗಳ ಮೂಲಕ ತೋರಿಸಿಕೊಟ್ಟಿದ್ದಾರೆ.

ಮರೆವಿನ ಲೆಕ್ಕ

ಮರೆವನ್ನು ಮೊದಲು ಅಳೆದು ನೋಡಿದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಕೆಲವು ಸಮಯ ಬಿಟ್ಟು ಅವನ್ನೇ ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯುತ್ತದೆಂದು ಅವರು ಲೆಕ್ಕ ಹಾಕಿದರು. 1885ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು, ಒಂದು ದಿನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೈಬಿಟ್ಟು ಹೋಗಿತ್ತು. ಅರ್ಥವಾದ ಪಾಠ ಇಷ್ಟು ಬೇಗ ಮರೆಯುವುದಿಲ್ಲ, ನಿಜ. ಆದರೆ ಮರೆವು ಆರಂಭದಲ್ಲಿ ಓಡುತ್ತದೆ, ಆಮೇಲೆ ನಡೆಯುತ್ತದೆ ಎಂಬುದು ಎಲ್ಲ ಕಲಿಕೆಗೂ ಹೊಂದುವ ಮಾತು.

ಹಾಗಾದರೆ ಮತ್ತೆ ಮತ್ತೆ ಓದಿದರಾಯಿತಲ್ಲ ಎನ್ನಬಹುದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಈ ನಂಬಿಕೆಯನ್ನೇ ಪರೀಕ್ಷಿಸಿತು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕೂ ಅವಧಿಗಳಲ್ಲಿ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿ ಮಾತ್ರ ಓದಿ, ಉಳಿದ ಮೂರರಲ್ಲಿ ಹಾಳೆ ಮುಚ್ಚಿ ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು: ಅವರಿಗೆ ನೂರಕ್ಕೆ 83ರಷ್ಟು, ಬರೆದವರಿಗೆ 71ರಷ್ಟು ನೆನಪಿತ್ತು. ಒಂದು ವಾರದ ನಂತರ ಕೇಳಿದಾಗ ಲೆಕ್ಕ ತಲೆಕೆಳಗಾಯಿತು. ಓದಿದವರಿಗೆ ಉಳಿದದ್ದು 40, ಬರೆದವರಿಗೆ 61. ವಿಚಿತ್ರವೆಂದರೆ, ‘ನಮಗೆ ಚೆನ್ನಾಗಿ ನೆನಪಿರುತ್ತದೆ’ ಎಂದು ಹೆಚ್ಚು ನಂಬಿದ್ದವರು ಬರೀ ಓದಿದವರೇ!

ಮೇಲಿನ ಮಗುವಿನ ದೂರಿಗೆ ಉತ್ತರ ಇಲ್ಲಿದೆ. ಎರಡನೆಯ, ಮೂರನೆಯ ಸಲ ಓದುವಾಗ ಪುಟ ಪರಿಚಿತವೆನಿಸುತ್ತದೆ; ಪರಿಚಯವನ್ನೇ ನಾವು ‘ಬರುತ್ತದೆ’ ಎಂದು ಭ್ರಮಿಸುತ್ತೇವೆ. ಬೀದಿಯಲ್ಲಿ ಕಂಡವರ ಮುಖದ ಗುರುತು ಹತ್ತಿಯೂ ಹೆಸರು ನಾಲಿಗೆಗೆ ಬಾರದಿರುವಂತೆ ಇದು. ಪರೀಕ್ಷೆ ಕೇಳುವುದು ಮುಖವನ್ನಲ್ಲ, ಹೆಸರನ್ನು.

ಪರದೆ ಬಂತು, ಪಾಠ ಬಂತೇ?

ಈ ಮಾತನ್ನು ತರಗತಿಯ ಯಂತ್ರಗಳಿಗೂ ಅನ್ವಯಿಸಿ ನೋಡಬೇಕು. ತರಗತಿಗೆ ತಂತ್ರಜ್ಞಾನ ಬಂದದ್ದು ಸ್ಮಾರ್ಟ್ ಕ್ಲಾಸ್‌ನಿಂದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳು ತಲುಪಿದವು. ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೇ ಮೀಸಲಾಗಿತ್ತು. 2004ರಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹವನ್ನು ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರಿಂದ ಪಾಠ ಪಡೆದವು. ಕೋವಿಡ್ ಬಂದ 2020ರಲ್ಲಿ ದೂರದರ್ಶನದ ‘ಚಂದನ’ ವಾಹಿನಿಯೇ ಶಾಲೆಯಾಯಿತು. ಇಂದು ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ ‘ದೀಕ್ಷಾ’ ವೇದಿಕೆಯ ಪಾಠ ತೆರೆದುಕೊಳ್ಳುತ್ತದೆ.

ಇವೆಲ್ಲದರ ಉಪಕಾರ ದೊಡ್ಡದು. ಹೃದಯದ ಕವಾಟ ತೆರೆದು ಮುಚ್ಚುವುದನ್ನು ಕಪ್ಪು ಹಲಗೆಯ ಮೇಲಿನ ಚಿತ್ರ ತೋರಿಸಲಾರದು, ಚಲಿಸುವ ಚಿತ್ರ ತೋರಿಸುತ್ತದೆ. ಆದರೆ ಪರದೆಯ ಪಾಠ ಎಷ್ಟು ಸರಾಗವೋ, ‘ಅರ್ಥವಾಯಿತು’ ಎಂಬ ಭ್ರಮೆಯೂ ಅಷ್ಟೇ ಸರಾಗ. ಈಜುವುದನ್ನು ಎಷ್ಟು ಹೊತ್ತು ನೋಡಿದರೂ ಈಜು ಬರುವುದಿಲ್ಲ.

ಇದಕ್ಕೆ ಪರಿಹಾರವೂ ಸರಳ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿಡಿಯೊ ಉಪನ್ಯಾಸವನ್ನು ತುಂಡು ಮಾಡಿ, ನಡುನಡುವೆ ಚಿಕ್ಕ ಪರೀಕ್ಷೆ ಇಟ್ಟರು. ಹೀಗೆ ಮಾಡಿದಾಗ ವಿದ್ಯಾರ್ಥಿಗಳ ಮನಸ್ಸು ಅಲೆಯುವುದು ಕಡಿಮೆಯಾಯಿತು, ಟಿಪ್ಪಣಿ ಬರೆಯುವುದು ಹೆಚ್ಚಿತು, ಕಲಿಕೆಯೂ ಸುಧಾರಿಸಿತು. ಅದೇ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲೇ ಇನ್ನೊಂದು ದಾರಿ ಹಿಡಿದಿದ್ದರು. ಪಾಠದ ನಡುವೆ ಒಂದು ಪ್ರಶ್ನೆ. ಪ್ರತಿಯೊಬ್ಬರೂ ತಮ್ಮ ಉತ್ತರ ಸೂಚಿಸಬೇಕು. ಪಕ್ಕದವರೊಡನೆ ಚರ್ಚಿಸಿ ಮತ್ತೊಮ್ಮೆ ಉತ್ತರಿಸಬೇಕು. ಇದಕ್ಕೆ ಗುಂಡಿ ಒತ್ತುವ ಯಂತ್ರಗಳಿವೆ. ನಮ್ಮ ಹಳ್ಳಿಯ ಶಾಲೆಯಲ್ಲಿ ನಾಲ್ಕು ಬಣ್ಣದ ರಟ್ಟಿನ ಚೀಟಿ ಎತ್ತಿ ಹಿಡಿದರೂ ಅದೇ ಕೆಲಸ ನಡೆಯುತ್ತದೆ. ಮುಖ್ಯವಾದದ್ದು ಯಂತ್ರವಲ್ಲ, ಹಿಂದಿನ ಬೆಂಚಿನ ಮಗುವೂ ಉತ್ತರ ಹುಡುಕಬೇಕಾಗಿ ಬಂತಲ್ಲ, ಅದು.

ಮನೆಯಲ್ಲಿ ಹೀಗೆ ಮಾಡಿ

ವಿದ್ಯಾರ್ಥಿಗಳು ಇಂದಿನಿಂದಲೇ ರೂಢಿಸಿಕೊಳ್ಳಬಹುದಾದ ಕೆಲವು ಕ್ರಮಗಳು:

* ಒಂದು ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿ, ನೆನಪಾದದ್ದನ್ನೆಲ್ಲ ಖಾಲಿ ಹಾಳೆಯ ಮೇಲೆ ಬರೆಯಿರಿ. ಬಳಿಕ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ, ತಪ್ಪಿದ್ದನ್ನು ತಿದ್ದಿ. ಮುಂದಿನ ಸಲ ಮೊದಲು ನೋಡಬೇಕಾದದ್ದು ಆ ಬಣ್ಣವನ್ನೇ.

* ಒಂದೇ ದಿನ ನಾಲ್ಕು ಗಂಟೆ ಓದುವುದಕ್ಕಿಂತ ಅದನ್ನೇ ನಾಲ್ಕು ದಿನಕ್ಕೆ ಹಂಚುವುದು ಲೇಸು. ಇಂದಿನ ಪಾಠವನ್ನು ನಾಳೆ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಒಪ್ಪಿಸಿ. ಸ್ವಲ್ಪ ಮರೆತ ಮೇಲೆ ತಿಣುಕಿ ನೆನಪಿಸಿಕೊಂಡದ್ದು ಹೆಚ್ಚು ಕಾಲ ಉಳಿಯುತ್ತದೆ.

* ಸೂತ್ರ, ಇಸವಿ, ಇಂಗ್ಲಿಷ್ ಪದಗಳಿಗೆ ಚೀಟಿಗಳನ್ನು ಮಾಡಿಕೊಳ್ಳಿ: ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಸೂಚಿಸಿದಂತೆ ಪೆಟ್ಟಿಗೆಯಲ್ಲಿ ಮೂರು–ನಾಲ್ಕು ಖಾನೆ ಮಾಡಿ. ಉತ್ತರ ಸರಿಯಾದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಮೊದಲ ಖಾನೆಗೆ. ಮೊದಲ ಖಾನೆಯನ್ನು ದಿನವೂ, ಮುಂದಿನವನ್ನು ಹೆಚ್ಚು ಹೆಚ್ಚು ದಿನ ಬಿಟ್ಟೂ ನೋಡಬೇಕು. ಕಂಪ್ಯೂಟರಿನ ‘ಆಂಕಿ’ ತಂತ್ರಾಂಶ ಮಾಡುವುದೂ ಇಂಥ ಕೆಲಸವನ್ನೇ.

* ಗಣಿತದಲ್ಲಿ ಒಂದೇ ಬಗೆಯ ಇಪ್ಪತ್ತು ಲೆಕ್ಕ ಮಾಡಿ ನಿಲ್ಲಿಸಬೇಡಿ. ಹಳೆಯ ಅಧ್ಯಾಯದ ಲೆಕ್ಕಗಳನ್ನೂ ಬೆರೆಸಿ. ಯಾವ ಸೂತ್ರ ಹಾಕಬೇಕೆಂದು ಆರಿಸುವುದೇ ಪರೀಕ್ಷೆಯಲ್ಲಿ ಅರ್ಧ ಕೆಲಸ.

* ವಿಡಿಯೊ ಪಾಠ ನೋಡುವಾಗ ಐದಾರು ನಿಮಿಷಕ್ಕೊಮ್ಮೆ ನಿಲ್ಲಿಸಿ, ಈವರೆಗೆ ಹೇಳಿದ್ದೇನು ಎಂದು ಎರಡು ಸಾಲು ಬರೆದು ಮುಂದುವರಿಯಿರಿ. ಬರೆಯಲು ಬಾರದಿದ್ದರೆ ಹಿಂದಕ್ಕೆ ಹೋಗಿ.

* ನಿದ್ದೆಗೆಡಬೇಡಿ. ಕಲಿತದ್ದು ಮಿದುಳಿನಲ್ಲಿ ನೆಲೆಗೊಳ್ಳಲು ನಿದ್ದೆ ನೆರವಾಗುತ್ತದೆ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುತ್ತಾರೆ ತಜ್ಞರು.

ಒಂದು ಎಚ್ಚರಿಕೆ: ಒಪ್ಪಿಸುವುದೆಂದರೆ ಗಿಳಿಪಾಠವಲ್ಲ. ‘ಹಲಗಲಿಯ ಬೇಡರು ದಂಗೆ ಎದ್ದದ್ದು 1857ರಲ್ಲಿ’ ಎಂಬಲ್ಲಿಗೆ ನಿಲ್ಲದೆ ‘ಏಕೆ?’ ಎಂದು ಕೇಳಿಕೊಳ್ಳಬೇಕು. ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆ ಅವರಿಗೆ ಏಕೆ ಸಹಿಸಲಾಗಲಿಲ್ಲ ಎಂದು ಸ್ವಂತ ಮಾತಿನಲ್ಲಿ ಹೇಳಬಲ್ಲ ಮಗುವಿಗೆ ಇಸವಿ ತಾನಾಗಿ ನೆನಪಿರುತ್ತದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದದ್ದು ಇದಕ್ಕೇ.

ಪಾಲಕರಿಗೆ ಎರಡು ಮಾತು

‘ಎಷ್ಟು ಗಂಟೆ ಓದಿದೆ?’ ಎಂಬ ಪ್ರಶ್ನೆಯನ್ನು ಬಿಟ್ಟು ‘ಇವತ್ತು ಕಲಿತದ್ದನ್ನು ನನಗೂ ಹೇಳು’ ಎನ್ನಿ. ನಿಮಗೆ ಆ ವಿಷಯ ತಿಳಿಯದಿದ್ದರೆ ಇನ್ನೂ ಒಳ್ಳೆಯದು, ಮಗು ಬಿಡಿಸಿ ಹೇಳಬೇಕಾಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಅಡುಗೆಮನೆಯಲ್ಲಿ ಕುಳಿತು ಪಾಠ ಒಪ್ಪಿಸಿಕೊಳ್ಳಬಹುದು. ಮಗು ತಡವರಿಸಿದರೆ ಗದರಬೇಡಿ. ಆ ತಡವರಿಕೆಯೇ ಕಲಿಕೆ ನಡೆಯುತ್ತಿರುವ ಗುರುತು. ಅದನ್ನು ಅವಮಾನವಾಗಿಸಿದರೆ ಮಗು ಮತ್ತೆ ಪುಸ್ತಕದ ಮರೆಗೆ ಸರಿಯುತ್ತದೆ.

ದುಬಾರಿ ಟ್ಯಾಬ್, ಸಾವಿರಾರು ರೂಪಾಯಿಯ ಆ್ಯಪ್ ಕೊಡಿಸಲಾಗಲಿಲ್ಲವೆಂದು ಕೊರಗುವ ತಂದೆತಾಯಿಗಳು ನಮ್ಮಲ್ಲಿ ಬಹಳ. ಅವು ಇದ್ದವರು ಬಳಸಲಿ. ಆದರೆ ಕಲಿಕೆಗೆ ಅತಿ ಹೆಚ್ಚು ನೆರವಾಗುವ ಸಾಧನಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಕೇಳಿಸಿಕೊಳ್ಳುವ ಎರಡು ಕಿವಿ. ಅಷ್ಟು ಎಲ್ಲ ಮನೆಯಲ್ಲೂ ಇದೆ.